ಅಮ್ಮನ ಟ್ರಂಕಿನಲ್ಲಿ ಬೆಳ್ಳಗಿದ್ದ ಬೆಳ್ಳಿ ನನ್ನ ಕಪಾಟಿನಲ್ಲಿ ಕಪ್ಪಾದದ್ದೇಕೆ?

ಪ್ರಶ್ನೆ: ಕಳೆದ ವರ್ಷ ಅಮ್ಮ ತಮ್ಮ ಪೂಜೆಯ ಬೆಳ್ಳಿಯನ್ನೆಲ್ಲ ನನಗೆ ಕೊಟ್ಟರು. ಮೈಸೂರಿನ ಮನೆಯಲ್ಲಿ ಅದು ಇಪ್ಪತ್ತೈದು ವರ್ಷ ಹಳೆಯ ಕಬ್ಬಿಣದ ಟ್ರಂಕಿನಲ್ಲಿತ್ತು, ಯಾವಾಗ ತೆಗೆದರೂ ಬೆಳ್ಳಗೇ ಇರುತ್ತಿತ್ತು. ನಾನು ಬೆಂಗಳೂರಿನ ಫ್ಲ್ಯಾಟಿಗೆ ತಂದು, ದೀಪದ ಕಂಬಗಳನ್ನು ಅಡುಗೆಮನೆಯ ಪಕ್ಕದ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದೆ. ಚೊಂಬು, ಹರಿವಾಣ, ಪಂಚಪಾತ್ರೆಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೆಳಗಿನ ಅರೆಯಲ್ಲಿಟ್ಟೆ. ಎಂಟು ತಿಂಗಳ ನಂತರ ವರಮಹಾಲಕ್ಷ್ಮಿ ಹಬ್ಬಕ್ಕೆ ತೆಗೆದಾಗ ಕಂಬಗಳು ಕಂದಾಗಿದ್ದವು, ಚೊಂಬಿನ ಕುತ್ತಿಗೆಯ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಅಂಗಡಿಯವರು ನೋಡಿ, "ಬೆರಕೆ ಬೆಳ್ಳಿ, ಕೊಟ್ಟು ಹೊಸದು ತೆಗೆದುಕೊಳ್ಳಿ" ಎಂದರು. ನಿಜವೇ? ಟೂತ್‌ಪೇಸ್ಟ್ ಹಾಕಿ ಉಜ್ಜಬಹುದೇ? ಮಗುವಿನ ಉಡಿದಾರವೂ ಕಪ್ಪಾಗುತ್ತಿದೆ, ದೃಷ್ಟಿ ತಗುಲಿದೆ ಎನ್ನುತ್ತಾರೆ ಅತ್ತೆ. ಜೊತೆಗೆ ಒಂದು ಬೀದರಿ ತಟ್ಟೆಯಿದೆ, ಅದರ ಹೂವಿನ ಕುಸುರಿಯೇ ಕಾಣದಂತಾಗಿದೆ. ಇವಕ್ಕೆಲ್ಲ ಏನು ಮಾಡಲಿ?

ಉತ್ತರ: ಮೊದಲು ಆ ಚೊಂಬನ್ನು ಯಾರಿಗೂ ಕೊಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕುತ್ತಿಗೆಯ ಸುತ್ತಲಿನ ಕಪ್ಪು ಗೆರೆ. ಬೆರಕೆಯಿಂದ ಕಪ್ಪಾಗುವುದಾದರೆ ಚೊಂಬು ಮೈಯೆಲ್ಲ ಕಪ್ಪಾಗಬೇಕಿತ್ತು. ಗೆರೆ ಎಳೆದ ಹಾಗೆ ಒಂದೇ ಕಡೆ ಏಕೆ? ಅದರ ಅಗಲವನ್ನು ಅಳೆದು ನೋಡಿ, ನೀವು ಹಾಕಿದ ರಬ್ಬರ್ ಬ್ಯಾಂಡಿನ ಅಗಲವೇ ಇರುತ್ತದೆ. ಹಾಲಿನಂಥ ರಬ್ಬರ್ ರಸವನ್ನು ಹಿಗ್ಗಿ ಕುಗ್ಗುವ ಗಟ್ಟಿ ರಬ್ಬರ್ ಮಾಡುವುದಕ್ಕೆ ಅದಕ್ಕೆ ಗಂಧಕ ಸೇರಿಸಿ ಬಿಸಿ ಮಾಡುತ್ತಾರೆ. ಆ ಗಂಧಕದಲ್ಲಿ ಒಂದಿಷ್ಟು ವರ್ಷಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ನಡುವೆ ನಾಲ್ಕು ಪದರ ಕಾಗದವಿದ್ದರೂ ಅದನ್ನು ದಾಟಿ ಬೆಳ್ಳಿಯನ್ನು ಮುಟ್ಟುತ್ತದೆ. ಹಳೆಯ ಬೆಳ್ಳಿ ಚಮಚಗಳನ್ನು ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿಟ್ಟವರ ಮನೆಯಲ್ಲಿ ಪ್ರತಿಯೊಂದು ಚಮಚದ ಹಿಡಿಯ ಮೇಲೂ ಅಡ್ಡಗೆರೆ ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಕೆಲವು ಗೆರೆಗಳು ಎಷ್ಟು ಆಳಕ್ಕೆ ಇಳಿದಿರುತ್ತವೆಂದರೆ, ಕಪ್ಪು ತೆಗೆದ ಮೇಲೂ ಬೆರಳಾಡಿಸಿದರೆ ತಗ್ಗು ತಿಳಿಯುತ್ತದೆ.

ಬೆಳ್ಳಿ ಕಪ್ಪಾಗುವ ಕಥೆಯೆಲ್ಲ ಈ ಗೆರೆಯಲ್ಲೇ ಇದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಆಮ್ಲಜನಕ. ಬೆಳ್ಳಿ ಮಾತ್ರ ಸಾಮಾನ್ಯ ಉಷ್ಣತೆಯಲ್ಲಿ ಆಮ್ಲಜನಕಕ್ಕೆ ಸೊಪ್ಪು ಹಾಕುವುದಿಲ್ಲ. ಶುದ್ಧ ಗಾಳಿಯಲ್ಲಿ ಇಟ್ಟರೆ ಅದು ಎಷ್ಟು ಕಾಲವಾದರೂ ಬೆಳ್ಳಗಿರುತ್ತದೆ. ಅದರ ದೌರ್ಬಲ್ಯವೆಲ್ಲ ಗಂಧಕದ ಮುಂದೆ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಬೆಳ್ಳಿಯ ಮೇಲಿನ ಕಣ್ಣಿಗೆ ಕಾಣದ ತೇವದಲ್ಲಿ ಕರಗುತ್ತದೆ. ಆಮ್ಲಜನಕ ಜೊತೆಗೂಡಿದಾಗ ಬೆಳ್ಳಿ ಮತ್ತು ಗಂಧಕ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ಕಪ್ಪು ಬಣ್ಣ ಅದರದ್ದು. ಇದಕ್ಕೆ ಬೇಕಾದ ಅನಿಲದ ಪ್ರಮಾಣ ಎಷ್ಟು ಕಡಿಮೆಯೆಂದರೆ, ನೂರು ಕೋಟಿ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಸಾಕು. ವಾಸನೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಬೆಳ್ಳಿಗೆ ತಿಳಿದಿರುತ್ತದೆ.

ಬೆಳ್ಳಿಯ ಮುಖ್ಯ ಅದಿರುಗಳಲ್ಲಿ ಒಂದಾದ ಅಕಾಂಥೈಟ್ ಕೂಡ ಇದೇ ಬೆಳ್ಳಿ ಸಲ್ಫೈಡ್. ಅಕ್ಕಸಾಲಿಗನ ಕುಲುಮೆ ದಾಟಿ ಬಂದ ಬೆಳ್ಳಿ, ಅವಕಾಶ ಸಿಕ್ಕರೆ ತವರಿಗೆ ಹೊರಡಲು ಕಾದೇ ಇರುತ್ತದೆ ಎನ್ನಬಹುದು. ಈ ಕಪ್ಪು ಪದಾರ್ಥಕ್ಕೆ ಇನ್ನೊಂದು ಹೆಗ್ಗಳಿಕೆಯೂ ಇದೆ. 1833ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಬಿಸಿ ಮಾಡಿದಾಗ, ಲೋಹಗಳಲ್ಲಿ ಆಗುವುದಕ್ಕೆ ತದ್ವಿರುದ್ಧವಾಗಿ, ವಿದ್ಯುತ್ತು ಹೆಚ್ಚು ಸರಾಗವಾಗಿ ಹರಿಯಿತು. ನಾವು ಇಂದು ಅರೆವಾಹಕ ಎನ್ನುವ, ಮೊಬೈಲಿನ ಚಿಪ್ಪುಗಳನ್ನು ಮಾಡುವ ವಸ್ತುಗಳ ಗುಣ ಮೊದಲು ಕಣ್ಣಿಗೆ ಬಿದ್ದದ್ದು ಹೀಗೆ. ನಿಮ್ಮ ಕೈಯ ಮೊಬೈಲಿನ ವಂಶವೃಕ್ಷದಲ್ಲಿ ನಿಮ್ಮ ಚೊಂಬಿನ ಮೇಲಿನ ಕಪ್ಪಿಗೂ ಒಂದು ಕೊಂಬೆಯಿದೆ.

ಇನ್ನು ಬೆರಕೆಯ ಮಾತು. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬ ಗಾದೆ ನಿಮಗೆ ಗೊತ್ತು. ಹಾಗೆಯೇ ಕಪ್ಪಗಾದದ್ದೆಲ್ಲ ಖೋಟಾ ಅಲ್ಲ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ನೂರಕ್ಕೆ 92.5 ಭಾಗ ಬೆಳ್ಳಿಯಿರುವ 925ರಲ್ಲಿ ಉಳಿದದ್ದು ಸಾಮಾನ್ಯವಾಗಿ ತಾಮ್ರ. ಮೆತ್ತಗಿರುವ ಬೆಳ್ಳಿಗೆ ಗಟ್ಟಿತನ ಬರಲೆಂದು ಅದನ್ನು ಸೇರಿಸುತ್ತಾರೆ. ತಾಮ್ರಕ್ಕೂ ಗಂಧಕಕ್ಕೂ ಆಗಿಬರುವುದರಿಂದ 925ರ ಒಡವೆ ಸಾಮಾನ್ಯವಾಗಿ ಅಪ್ಪಟಕ್ಕಿಂತ ಬೇಗ ಬಣ್ಣ ಕೆಡಿಸಿಕೊಳ್ಳುತ್ತದೆ. ಆದರೆ ಕಪ್ಪಿನ ಗಾಢತೆ ನೋಡಿ ಶುದ್ಧತೆ ಹೇಳುವುದು, ಹೊಗೆ ನೋಡಿ ಸೌದೆಯ ತೂಕ ಹೇಳಿದಂತೆ. ಕಪ್ಪಿನ ನೆಪದಲ್ಲಿ ಹಳೆಯ ಬೆಳ್ಳಿಯನ್ನು ಕಡಿಮೆ ದರಕ್ಕೆ ತೆಗೆದುಕೊಳ್ಳುವುದು ಹಳೆಯ ವ್ಯಾಪಾರ. ಅನುಮಾನವಿದ್ದರೆ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಈಚೆಗೆ ಕೊಂಡದ್ದಾದರೆ ಅದರ ಮೇಲೆ 800, 925, 990 ಮುಂತಾದ ಅಂಕಿಯ ಗುರುತು ಇದೆಯೇ ನೋಡಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಪ್ರತಿ ವಸ್ತುವಿಗೆ ಬೇರೆ ಬೇರೆಯಾಗಿ ಕೊಡುವ ಎಚ್‌ಯುಐಡಿ ಸಂಖ್ಯೆಯ ಹಾಲ್‌ಮಾರ್ಕ್ ಬಂದಿದೆ. ಚಿನ್ನದಂತೆ ಕಡ್ಡಾಯವಲ್ಲ, ಆದರೆ ಕೇಳಿ ಪಡೆಯಬಹುದು. ಅಮ್ಮನ ಕಾಲದ ಚೊಂಬಿಗೆ ಇದಾವುದೂ ಇರುವುದಿಲ್ಲ, ಅದು ತಪ್ಪೂ ಅಲ್ಲ. ಜರ್ಮನ್ ಸಿಲ್ವರ್ ಮಾತ್ರ ಬೇರೆ ಜಾತಿ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಹೆಸರಿನಲ್ಲಿ ಬಿಟ್ಟರೆ ಬೆಳ್ಳಿಯ ಸೋಂಕೂ ಇಲ್ಲ.

ದೀಪದ ಕಂಬಗಳು ಕಪ್ಪಾಗದೆ ಕಂದಾಗಿವೆ ಎಂದಿದ್ದೀರಿ. ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿ. ಕೆಲವು ಕಡೆ ಒಣಹುಲ್ಲಿನ ಹಳದಿ, ಪಕ್ಕದಲ್ಲಿ ಕೆಂಗಂದು, ಸಂದಿಗಳಲ್ಲಿ ನೇರಳೆ ಅಥವಾ ನವಿಲುನೀಲಿ ಕಾಣಬಹುದು. ರಸ್ತೆಯ ನೀರಿನ ಮೇಲೆ ಎಣ್ಣೆಹನಿ ಬಿದ್ದಾಗ ಬಣ್ಣಗಳು ಆಡುತ್ತವಲ್ಲ, ಅದೇ ಆಟ ಇಲ್ಲಿಯೂ ನಡೆಯುತ್ತದೆ. ಸಲ್ಫೈಡಿನ ಪೊರೆ ದಪ್ಪವಾಗುತ್ತ ಹೋದಂತೆ ಹಳದಿ, ಕಂದು, ನೇರಳೆ, ನೀಲಿ, ಕೊನೆಗೆ ಬೂದುಗಪ್ಪು. ಹಳದಿಯ ಹಂತದಲ್ಲಿ ಹಿಡಿದರೆ ಮೆತ್ತನೆಯ ಬಟ್ಟೆಗೇ ಹೋಗುತ್ತದೆ. ಕಪ್ಪಿನ ಹಂತಕ್ಕೆ ಬಿಟ್ಟರೆ ಕೈ ನೋಯುತ್ತದೆ. ಹಬ್ಬಕ್ಕೊಮ್ಮೆ ತೆಗೆದು ನೋಡುವ ಬದಲು ತಿಂಗಳಿಗೊಮ್ಮೆ ಕಣ್ಣಾಡಿಸಿ ಎನ್ನುವುದು ಈ ಕಾರಣಕ್ಕೆ.

ನಿಮ್ಮ ಮನೆಯಲ್ಲಿ ಗಂಧಕ ಎಲ್ಲಿಂದ ಬರುತ್ತಿದೆ? ರಬ್ಬರ್ ಬ್ಯಾಂಡ್ ಸಿಕ್ಕಿಬಿತ್ತು. ಇನ್ನುಳಿದ ಕಳ್ಳರನ್ನು ಹುಡುಕೋಣ. ಅಡುಗೆಮನೆ ಪಕ್ಕದಲ್ಲೇ ಇದೆ ಎಂದಿರಿ. ಬೇಯಿಸಿದ ಮೊಟ್ಟೆ, ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ಇಂಗಿನ ಒಗ್ಗರಣೆ, ಚಾಟ್ ಮಸಾಲೆಯ ಕಪ್ಪು ಉಪ್ಪು, ಇವೆಲ್ಲದರ ಘಾಟಿನ ಹಿಂದೆ ಗಂಧಕದ ಸಂಯುಕ್ತಗಳಿವೆ. ಸೋರಿದರೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ಬೆರೆಸುವ ವಾಸನೆಯ ವಸ್ತುವೂ ಗಂಧಕದ್ದೇ, ಹೆಸರು ಈಥೈಲ್ ಮರ್ಕ್ಯಾಪ್ಟನ್. ಬಾಗಿಲಿಲ್ಲದ ತೆರೆದ ಅಡುಗೆಮನೆಯ ಫ್ಲ್ಯಾಟುಗಳಲ್ಲಿ ಇದೆಲ್ಲ ನೇರವಾಗಿ ಗಾಜಿನ ಕಪಾಟಿಗೆ ಹೋಗುತ್ತದೆ. ದಿನಪತ್ರಿಕೆಯ ಕಾಗದ ಮತ್ತು ಶಾಯಿಯನ್ನು ನಾನು ನಂಬುವುದಿಲ್ಲ. ಕಪಾಟಿನ ಒಳಗೆ ಮಖಮಲ್ಲೋ ಉಣ್ಣೆಯ ಹಾಸೋ ಇದ್ದರೆ ಅದೂ ಅನುಮಾನಿತ. ಉಣ್ಣೆಯ ನಾರಿನಲ್ಲೇ ಗಂಧಕವಿದೆ, ಸುಟ್ಟಾಗ ಬರುವ ಕೂದಲಿನ ವಾಸನೆ ಅದರದ್ದು. ಗಾಜಿನ ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿದ್ದಾರೆಯೇ ನೋಡಿ. ಧೂಳು ಬರಬಾರದೆಂದು ಹಾಕಿದ ಪಟ್ಟಿಯೇ ಒಳಗೆ ಗಂಧಕ ಬಿಡುತ್ತಿರಬಹುದು.

ಮನೆಯ ಹೊರಗೂ ನೋಡಬೇಕು. ರಾಜಕಾಲುವೆಯಲ್ಲಿ, ಒಳಚರಂಡಿ ಸೇರಿದ ಕೆರೆಯಲ್ಲಿ ಆಮ್ಲಜನಕ ಮುಗಿದಾಗ ಕೆಲವು ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಅಂಥ ಜಾಗದ ಹತ್ತಿರ ವಾಸಿಸುವವರ ಗೆಜ್ಜೆ, ಕಾಲುಂಗುರಗಳಷ್ಟೇ ಕೆಡುವುದಲ್ಲ, ಎ.ಸಿ.ಯ ತಾಮ್ರದ ಸುರುಳಿಗಳೂ ತೂತು ಬೀಳುತ್ತವೆ. ಕಂಪ್ಯೂಟರ್ ಸರ್ವರ್‌ಗಳನ್ನಿಡುವ ಕೋಣೆಗಳಲ್ಲಿ ಗಾಳಿ ಹೇಗಿದೆಯೆಂದು ತಿಳಿಯಲು ತಾಮ್ರ ಮತ್ತು ಬೆಳ್ಳಿಯ ಪುಟ್ಟ ಪಟ್ಟಿಗಳನ್ನು ತೂಗುಹಾಕುತ್ತಾರೆ. ಬೆಳ್ಳಿಯ ಮೇಲೆ ತಿಂಗಳಿಗೆ 200 ಆಂಗ್‌ಸ್ಟ್ರಾಮ್‌ಗಿಂತ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂರೂವರೆ ಸಾವಿರದ ಒಂದು ಭಾಗಕ್ಕಿಂತ, ಹೆಚ್ಚು ಪೊರೆ ಕಟ್ಟಿದರೆ ಯಂತ್ರಗಳಿಗೆ ಆ ಗಾಳಿ ಒಗ್ಗುವುದಿಲ್ಲ ಎಂದು ಲೆಕ್ಕ. ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಕಾಯುವ ಕೆಲಸವನ್ನು ನಿಮ್ಮ ದೀಪದ ಕಂಬ ಪುಕ್ಕಟೆಯಾಗಿ ಮಾಡುತ್ತಿದೆ.

ದೀಪಾವಳಿಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಪಟಾಕಿ ಮದ್ದಿನಲ್ಲಿ ಗಂಧಕವಿದೆ. ವರ್ಷವಿಡೀ ಬೀರುವಿನಲ್ಲಿದ್ದ ಬೆಳ್ಳಿಯನ್ನು ಲಕ್ಷ್ಮೀಪೂಜೆಗೆಂದು ತೊಳೆದು, ಹೊಳಪಿಸಿ, ಹೊರಗಿಟ್ಟು, ಅದೇ ಸಂಜೆ ಬಾಗಿಲು ತೆರೆದು ಪಟಾಕಿ ಹಚ್ಚುತ್ತೇವೆ. ಪೂಜೆ ಮುಗಿದ ಕೂಡಲೇ ಒಳಗಿಡಿ. ಸಾಧ್ಯವಾಗದಿದ್ದರೆ ಮರುದಿನ ಬೆಳಿಗ್ಗೆ ತೊಳೆದು, ಒರೆಸಿ ಇಡಿ.

ಈಗ ಅಮ್ಮನ ಟ್ರಂಕು. ಅದು ಏಕೆ ಗೆದ್ದಿತು? ನೀವು ಬರೆದಿಲ್ಲ, ಆದರೆ ನಾನು ಊಹಿಸಬಲ್ಲೆ: ಅಮ್ಮ ಬೆಳ್ಳಿಯನ್ನು ಹಳೆಯ ಪಂಚೆಯ ಅಥವಾ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿರುತ್ತಾರೆ. ನೂರಾರು ಸಲ ಒಗೆದ ಹತ್ತಿಯಲ್ಲಿ ಗಂಜಿಯಿಲ್ಲ, ಗಿರಣಿಯ ರಾಸಾಯನಿಕವಿಲ್ಲ, ಬಣ್ಣವೂ ಹೋಗಿರುತ್ತದೆ. ಟ್ರಂಕಿನ ಮುಚ್ಚಳ ಬಿಗಿ. ವರ್ಷಕ್ಕೆ ಎರಡು ಸಲ ಮಾತ್ರ ತೆರೆಯುತ್ತಿದ್ದುದರಿಂದ ಒಳಗಿದ್ದ ಗಾಳಿಯಲ್ಲಿನ ಅಲ್ಪಸ್ವಲ್ಪ ಗಂಧಕವನ್ನು ಬಟ್ಟೆಯ ಪದರಗಳೂ ಹೊರಗಿನ ಪಾತ್ರೆಗಳೂ ಹೀರಿಕೊಂಡವು, ಆಮೇಲೆ ಹೊಸದು ಬರಲಿಲ್ಲ. ನಿಮ್ಮ ಗಾಜಿನ ಕಪಾಟು ಇದಕ್ಕೆ ಪೂರ್ತಿ ವಿರುದ್ಧ. ಗಾಳಿ ಓಡಾಡುತ್ತದೆ, ಪಕ್ಕದಲ್ಲಿ ಒಲೆ ಇದೆ, ಒಳಗೆ ರಬ್ಬರ್ ಮತ್ತು ಕಾಗದ. ಬೆಳ್ಳಿ ಅದೇ, ಕೆಟ್ಟದ್ದು ನೆರೆಹೊರೆ.

ಯಾವ ವಸ್ತು ಗಂಧಕ ಬಿಡುತ್ತದೆಂದು ಮನೆಯಲ್ಲೇ ಪರೀಕ್ಷಿಸಬಹುದು. ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕೆ ಆಡಿ ಪರೀಕ್ಷೆ ಎನ್ನುತ್ತಾರೆ. ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ 1973ರಲ್ಲಿ ಇದನ್ನು ಪ್ರಕಟಿಸಿದರು. ಪ್ರದರ್ಶನ ಪೆಟ್ಟಿಗೆಗೆ ಹಾಕಬೇಕೆಂದಿರುವ ಬಟ್ಟೆ, ಅಂಟು, ಮರವನ್ನು ಬೆಳ್ಳಿ, ತಾಮ್ರ, ಸೀಸದ ತುಣುಕುಗಳೊಡನೆ ತೇವ ತುಂಬಿದ ಮುಚ್ಚಿದ ಪಾತ್ರೆಯಲ್ಲಿಟ್ಟು, 60 ಡಿಗ್ರಿ ಬಿಸಿಯಲ್ಲಿ 28 ದಿನ ಕಾಯುತ್ತಾರೆ. ನಿಮಗೆ ಅಷ್ಟು ಬೇಡ. ಎರಡು ಉಪ್ಪಿನಕಾಯಿ ಜಾಡಿಗಳನ್ನು ಚೆನ್ನಾಗಿ ತೊಳೆದು ಒಣಗಿಸಿ. ಮುಚ್ಚಳದ ಒಳಗೆ ರಬ್ಬರ್ ಪಟ್ಟಿಯಿದ್ದರೆ ಕಿತ್ತುಹಾಕಿ, ಇಲ್ಲದಿದ್ದರೆ ಅದೇ ಪರೀಕ್ಷೆಯನ್ನು ಕೆಡಿಸುತ್ತದೆ. ಎರಡರಲ್ಲೂ ಒದ್ದೆ ಹತ್ತಿಯ ಉಂಡೆಯನ್ನೂ ಉಜ್ಜಿ ಹೊಳಪಿಸಿದ ಒಂದು ಚೂರು ಬೆಳ್ಳಿಯನ್ನೂ ಹಾಕಿ. ಹರಿದ ಗೆಜ್ಜೆಯ ಕೊಂಡಿ ಸಾಕು. ಒಂದು ಜಾಡಿಗೆ ಮಾತ್ರ ಅಂಗಡಿಯವರು ಕೊಟ್ಟ ಕೆಂಪು ಮಖಮಲ್ ಚೀಲದಿಂದ ಕತ್ತರಿಸಿದ ತುಂಡನ್ನು ಸೇರಿಸಿ, ಬೆಳ್ಳಿಗೆ ತಗುಲದಂತೆ ನೋಡಿಕೊಳ್ಳಿ. ಮಾಳಿಗೆಯ ಬಿಸಿಯಲ್ಲೋ ಫ್ರಿಜ್ಜಿನ ಹಿಂದೆಯೋ ಒಂದು ತಿಂಗಳು ಇಡಿ. ತುಂಡು ಇರುವ ಜಾಡಿಯ ಬೆಳ್ಳಿ ಮಾತ್ರ ಹಳದಿಯಾದರೆ ಆ ಚೀಲವನ್ನು ಬಟಾಣಿ ಕಟ್ಟಲು ಬಳಸಿ, ಬೆಳ್ಳಿಗೆ ಬೇಡ.

ಇಡುವ ಕ್ರಮವನ್ನು ಹೇಳುತ್ತೇನೆ. ತೊಳೆದ ಪಾತ್ರೆಯನ್ನು ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಬಿಡಿ. ಸಂದಿಗಳಲ್ಲಿ, ದೀಪದ ಕಂಬದ ತಿರುಪುಗಳಲ್ಲಿ ನೀರು ಉಳಿಯಬಾರದು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಬೆರಳಚ್ಚನ್ನು ಬೆಳ್ಳಿಯ ಮೇಲೆ ಕೆತ್ತಿಬಿಡುತ್ತದೆ, ಎರಡು ತಿಂಗಳ ನಂತರ ಯಾರು ಎತ್ತಿಟ್ಟರೆಂದು ಪೊಲೀಸರು ಹೇಳಬಲ್ಲಷ್ಟು ಸ್ಪಷ್ಟವಾಗಿ. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಪಿವಿಸಿ ಚೀಲ ಬೇಡ. ಹೊಸ ಸೀರೆಯ ದಪ್ಪ ಪಾರದರ್ಶಕ ಚೀಲಗಳು ಹೆಚ್ಚಾಗಿ ಅದರವು, ಹಳತಾದಂತೆ ಕ್ಲೋರಿನ್‌ನ ಆಮ್ಲ ಬಿಡುತ್ತವೆ. ಎಲ್ಲ ಚೀಲಗಳನ್ನೂ ಬಿಗಿ ಮುಚ್ಚಳದ ಒಂದು ಡಬ್ಬದಲ್ಲಿಟ್ಟು, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನೂ ಸಕ್ರಿಯ ಇದ್ದಿಲಿನ ಪೊಟ್ಟಣವನ್ನೂ ಇಡಿ. ಜೆಲ್ ತೇವವನ್ನು ಹಿಡಿಯುತ್ತದೆ, ಇದ್ದಿಲು ಗಂಧಕದ ಅನಿಲವನ್ನು ಹೀರುತ್ತದೆ. ಜೆಲ್ಲನ್ನು ಬಾಣಲೆಯಲ್ಲಿ ಹಗುರ ಬಿಸಿ ಮಾಡಿ ಮತ್ತೆ ಬಳಸಬಹುದು, ಇದ್ದಿಲನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ಕರಾವಳಿಯವರಿಗೆ ಇದು ಇನ್ನೂ ಮುಖ್ಯ. ಮಂಗಳೂರು, ಉಡುಪಿಗಳ ಮಳೆಗಾಲದ ತೇವಕ್ಕೆ ಸಮುದ್ರದ ಉಪ್ಪು ಸೇರಿದರೆ ಬೆಳ್ಳಿಗೆ ಎರಡು ಕಡೆಯಿಂದಲೂ ಪೆಟ್ಟು.

ಕರ್ಪೂರ, ಸೀಮೆಸುಣ್ಣ ಇಡುವ ವಾಡಿಕೆ ಬಗ್ಗೆ ಅನೇಕರು ಕೇಳುತ್ತಾರೆ. ಸೀಮೆಸುಣ್ಣ ಒಂದಿಷ್ಟು ತೇವ ಹೀರುತ್ತದೆ, ಬೇಗ ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗುತ್ತದೆ. ಕರ್ಪೂರಕ್ಕೆ ಗಂಧಕವನ್ನು ಹಿಡಿಯುವ ಗುಣವಿಲ್ಲ. ಇಟ್ಟರೆ ಸುವಾಸನೆ ಬರುತ್ತದೆ, ಅಷ್ಟೇ. ಬಿಗಿ ಡಬ್ಬ ಮತ್ತು ಹಳೆಯ ಬಟ್ಟೆ ಮಾಡಿದ ಕೆಲಸದ ಕೀರ್ತಿಯನ್ನು ಕರ್ಪೂರ ಎಷ್ಟೋ ಮನೆಗಳಲ್ಲಿ ಪಡೆದಿದೆ.

ಇನ್ನೊಂದು ಉಪಾಯ ಎಲ್ಲಕ್ಕಿಂತ ಅಗ್ಗ: ಬಳಸಿ. ಪ್ರತಿದಿನ ಪೂಜೆಗೆ ತೆಗೆಯುವ ಪಂಚಪಾತ್ರೆ, ಉದ್ಧರಣೆಗಳನ್ನು ನೋಡಿ, ಕಪ್ಪಾಗುವುದು ಅಪರೂಪ. ದಿನವೂ ತೊಳೆದು ಒರೆಸುವಾಗ ಪೊರೆ ಕಟ್ಟುವ ಮೊದಲೇ ಹೋಗುತ್ತದೆ. ಕಾಲುಂಗುರವನ್ನು ತೆಗೆದು ತಿರುಗಿಸಿದರೆ ನೆಲಕ್ಕೆ ಉಜ್ಜುವ ಅಂಚು ಕನ್ನಡಿಯಂತೆ, ಒಳಮೂಲೆ ಕಪ್ಪು. ಊಟಕ್ಕೆ ಬಳಸುವುದಾದರೆ ಒಂದೇ ಎಚ್ಚರ: ಉಪ್ಪಿನಕಾಯಿ, ಹುಳಿ ಮೊಸರು, ಉಪ್ಪನ್ನು ಬೆಳ್ಳಿತಟ್ಟೆಯಲ್ಲಿ ರಾತ್ರಿಯಿಡೀ ಬಿಡಬೇಡಿ. ಉಪ್ಪಿನ ಕ್ಲೋರೈಡ್ ಮಾಡುವ ಚುಕ್ಕೆಗಳು ಸಲ್ಫೈಡಿಗಿಂತ ಹಟಮಾರಿ.

ಈಗ ಉಜ್ಜುವ ವಿಚಾರ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಕ್ಷಮಿಸಿ. ಬೆಳ್ಳಿಯನ್ನು ಕಪ್ಪು ಕೊಂದದ್ದಕ್ಕಿಂತ ಅದನ್ನು ತೆಗೆಯುವ ಉತ್ಸಾಹ ಕೊಂದದ್ದೇ ಹೆಚ್ಚು. ಒಂದು ಲೆಕ್ಕ ನೋಡಿ. 25 ಸೆಂಟಿಮೀಟರ್ ಅಗಲದ ಹರಿವಾಣದ ಎರಡೂ ಮೈ ಸೇರಿ ಸುಮಾರು 1000 ಚದರ ಸೆಂಟಿಮೀಟರ್. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ ದಪ್ಪದ ಕಪ್ಪು ಕಟ್ಟಿದರೆ ಅದರಲ್ಲಿರುವ ಬೆಳ್ಳಿ ಸುಮಾರು 60 ಮಿಲಿಗ್ರಾಂ. ವರ್ಷಕ್ಕೆ ಎರಡು ಸಲದಂತೆ ಐವತ್ತು ವರ್ಷ ಅಷ್ಟನ್ನೂ ಉಜ್ಜಿ ಎಸೆದರೂ ಹೋಗುವುದು 6 ಗ್ರಾಂ ಚಿಲ್ಲರೆ. ಇದು ಕಪ್ಪಿನ ಪಾಲು. ಒರಟು ಪುಡಿ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಅದರ ಕೆಳಗಿನ ಒಳ್ಳೆಯ ಬೆಳ್ಳಿಯೂ ಹೋಗುತ್ತದೆ, ಅದಕ್ಕೆ ಲೆಕ್ಕವಿಲ್ಲ. ಹಳೆಯ ಅಷ್ಟಲಕ್ಷ್ಮಿ ಚೊಂಬುಗಳಲ್ಲಿ ದೇವಿಯರ ಮೂಗು, ಕಣ್ಣು ಸವೆದು ಎಂಟೂ ಮುಖಗಳು ಒಂದೇ ತೆರನಾಗಿರುವುದನ್ನು ನೀವೂ ನೋಡಿರುತ್ತೀರಿ. ಬೆಳ್ಳಿ ಲೇಪದ ತಟ್ಟೆಗಳಲ್ಲಂತೂ ಲೇಪವೇ ಕೂದಲಿಗಿಂತ ತೆಳು, ನಾಲ್ಕು ಹಬ್ಬಕ್ಕೆ ಒಳಗಿನ ಹಿತ್ತಾಳೆ ಇಣುಕುತ್ತದೆ.

ಟೂತ್‌ಪೇಸ್ಟ್ ಬೇಡ. ಗಡಸುತನದ ಮೋಸ್ ಅಳತೆಯಲ್ಲಿ ಹಲ್ಲಿನ ಎನಾಮಲ್ 5, ಬೆಳ್ಳಿ 2.5ರ ಆಸುಪಾಸು. ಹಲ್ಲಿಗೆ ಮೃದುವಾದದ್ದು ಬೆಳ್ಳಿಗೆ ಮೃದುವಲ್ಲ. ಪಾತ್ರೆ ತೊಳೆಯುವ ಪುಡಿ, ತಂತಿಯ ಉಂಡೆಗಳ ಮಾತೇ ಬೇಡ. ಹುಣಸೆಹಣ್ಣು ತಾಮ್ರ, ಹಿತ್ತಾಳೆಯ ಕಿಲುಬಿಗೆ ದೇವರಂಥದ್ದು, ಆದರೆ ಬೆಳ್ಳಿ ಸಲ್ಫೈಡ್ ಅಂಥ ಸೌಮ್ಯ ಹುಳಿಗೆ ಕರಗುವುದಿಲ್ಲ. ಹುಣಸೆಯಿಂದ ಬೆಳ್ಳಗಾಯಿತು ಎನ್ನುವವರು ನಿಜವಾಗಿ ಕೈಬಲದಿಂದ ಬೆಳ್ಳಗೆ ಮಾಡಿರುತ್ತಾರೆ. ಅಜ್ಜಿಯರು ಬಳಸುತ್ತಿದ್ದ ವಿಭೂತಿ ಉಪಾಯ ಕೆಟ್ಟದ್ದಲ್ಲ, ಜರಡಿ ಹಿಡಿದ ನುಣುಪು ವಿಭೂತಿಯಾಗಿದ್ದರೆ. ನಾವು ವೃತ್ತಿಯಲ್ಲಿ ಬಳಸುವುದೂ ಅದರ ದಾಯಾದಿಯೇ: ಬಹು ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಹತ್ತಿಯ ಉಂಡೆಯಲ್ಲಿ ಹಚ್ಚಿ ಒತ್ತದೆ ಉಜ್ಜುವುದು. ಶಾಲೆಯ ಸೀಮೆಸುಣ್ಣವನ್ನು ಕುಟ್ಟಿ ಹಾಕಬೇಡಿ, ಅದರಲ್ಲಿ ಮರಳಿನ ಕಣ ಇರಬಹುದು.

ಅದ್ದಿದರೆ ಕ್ಷಣದಲ್ಲಿ ಬೆಳ್ಳಗಾಗುವ ಬಾಟಲಿಯ ದ್ರವಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಥಯೋ ಎಂದರೇ ಗಂಧಕ. ಚೆನ್ನಾಗಿ ತೊಳೆಯದೆ ಬಿಟ್ಟರೆ ಉಳಿದ ದ್ರವವೇ ಮುಂದಿನ ಕಪ್ಪಿಗೆ ಬೀಜವಾಗುತ್ತದೆ. ಊಟದ ಪಾತ್ರೆಗೆ, ಮಗುವಿನ ಹಾಲಿನ ಒಳಲೆಗೆ ನಾನು ಅದನ್ನು ಮುಟ್ಟಿಸುವುದಿಲ್ಲ. ಬಾಗಿಲಿಗೆ ಬಂದು ಪುಕ್ಕಟೆ ಪಾಲಿಶ್ ಮಾಡಿಕೊಡುವೆ ಎನ್ನುವವನಿಗೆ ಬಾಗಿಲು ಹಾಕಿ. ಅವನ ಪಾತ್ರೆಯ ಆಮ್ಲದಲ್ಲಿ ನಿಮ್ಮ ಬೆಳ್ಳಿ ಅವನೊಡನೆ ಹೋಗುತ್ತದೆ.

ಅಲ್ಯೂಮಿನಿಯಂ ಹಾಳೆಯ ವಿಧಾನವೊಂದಿದೆ, ಅದು ನನಗೆ ಇಷ್ಟ. ಉಳಿದವೆಲ್ಲ ಕಪ್ಪನ್ನು ಕಿತ್ತು ಎಸೆದರೆ ಇದು ಅದನ್ನು ಮತ್ತೆ ಬೆಳ್ಳಿ ಮಾಡುತ್ತದೆ. ಅಗಲವಾದ ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯ ತಳಕ್ಕೆ ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆ ಹಾಸಿ. ಹೊಳೆಯುವ ಮೈ ಮೇಲಿರಲಿ ಎಂದು ಹೇಳುವುದುಂಟು, ಯಾವುದಿದ್ದರೂ ನಡೆಯುತ್ತದೆ. ಬೆಳ್ಳಿ ಹಾಳೆಗೆ ತಗುಲುವಂತೆ ಇಟ್ಟು, ಲೀಟರಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಉದುರಿಸಿ, ಮುಳುಗುವಷ್ಟು ಬಿಸಿನೀರು ಹುಯ್ಯಿರಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅರೆ ನಿಮಿಷದಲ್ಲಿ ಕೊಳೆತ ಮೊಟ್ಟೆಯ ನಸುವಾಸನೆ ಬರುತ್ತದೆ: ಎಂಟು ತಿಂಗಳು ಕೂಡಿಟ್ಟ ಗಂಧಕ ಬಿಟ್ಟುಹೋಗುತ್ತಿದೆ ಎಂದರ್ಥ. ಅಲ್ಯೂಮಿನಿಯಂ ಕೊಟ್ಟ ಎಲೆಕ್ಟ್ರಾನ್‌ಗಳನ್ನು ಬೆಳ್ಳಿ ಸಲ್ಫೈಡ್ ಪಡೆದು ಮತ್ತೆ ಬೆಳ್ಳಿಯಾಗುತ್ತದೆ. ತಗುಲಿದ ಜಾಗದಿಂದ ಬಿಳುಪು ಹರಡುವುದು ಕಣ್ಣಿಗೇ ಕಾಣುತ್ತದೆ. ಐದು ನಿಮಿಷದಲ್ಲಿ ತೆಗೆದು, ಹರಿಯುವ ನೀರಿನಲ್ಲಿ ತೊಳೆದು, ಒರೆಸಿ. ಹಾಳೆ ಮಂಕಾಗಿ, ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಮರಳಿ ಬಂದ ಬೆಳ್ಳಿ ಅತಿ ಸಣ್ಣ ಕಣಗಳ ಪದರವಾದ್ದರಿಂದ ಮೊದಲಿಗೆ ಹಾಲುಬಿಳುಪಾಗಿ ಮಂಕಾಗಿ ಕಾಣುತ್ತದೆ. ಒಣ ಹತ್ತಿಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಉಳಿದ ಬೆಳ್ಳಿಯನ್ನು ಆ ಕೋಣೆಯಿಂದ ಆಚೆ ಇಡಿ.

ಎಲ್ಲಕ್ಕೂ ಇದು ಸಲ್ಲದು. ಮುತ್ತು, ಹವಳ, ಕಲ್ಲು ಕೂರಿಸಿದ ಒಡವೆ ಬೇಡ. ಒಳಗೆ ಅರಗು ತುಂಬಿದ ಟೊಳ್ಳು ದೀಪ, ಹಿಡಿ, ವಿಗ್ರಹಗಳಾದರೆ ಬಿಸಿನೀರಿಗೆ ಅರಗು ಕರಗಿ ಹೊರಬರುತ್ತದೆ. ನಿಮ್ಮ ಕಂಬಗಳನ್ನು ತಟ್ಟಿ ನೋಡಿ, ಟೊಳ್ಳಿನ ಸದ್ದಿಲ್ಲದೆ ದಪ್ಪ ಸದ್ದು ಬಂದರೆ ಅನುಮಾನಿಸಿ. "ಆಕ್ಸಿಡೈಸ್ಡ್" ಎಂದು ಮಾರುವ ಕಪ್ಪು ಬೆಳ್ಳಿ ಒಡವೆಗಳೂ ಬೇಡ. ಅಲ್ಲಿ ಅಕ್ಕಸಾಲಿಗ ಬೇಕೆಂದೇ ಗಂಧಕದಿಂದ ಕಪ್ಪು ಮಾಡಿರುತ್ತಾನೆ. ಹೆಸರಿನಲ್ಲಿ ಆಮ್ಲಜನಕ, ಕೆಲಸ ಗಂಧಕದ್ದು. ನಿಮ್ಮ ಟ್ರಂಕಿನಲ್ಲಿ ವಿಕ್ಟೋರಿಯಾ ರಾಣಿಯ ಹಳೆಯ ರೂಪಾಯಿಗಳಿದ್ದರೆ ಅವುಗಳಿಗೆ ಯಾವ ವಿಧಾನವೂ ಬೇಡ. ನಾಣ್ಯ ಕೊಳ್ಳುವವರು ಆ ವಯಸ್ಸಿನ ಮಾಸಲು ಬಣ್ಣಕ್ಕೇ ಬೆಲೆ ಕೊಡುತ್ತಾರೆ, ಉಜ್ಜಿ ಹೊಳಪಿಸಿದ್ದಕ್ಕೆ ಲೋಹದ ತೂಕದ ಬೆಲೆ ಮಾತ್ರ.

ಉಡಿದಾರದ ಬಗ್ಗೆ ಅತ್ತೆಯವರೊಡನೆ ಜಗಳ ಬೇಡ. ಅವರು ನೋಡಿದ್ದು ನಿಜ, ಬೆಳ್ಳಿ ಕಪ್ಪಾಗಿದೆ. ಬೆವರಿನಲ್ಲಿ ಉಪ್ಪೂ ಗಂಧಕದ ಸಂಯುಕ್ತಗಳೂ ಇರುತ್ತವೆ, ಮಗುವಿನ ಸೊಂಟದ ಮಡಿಕೆಯಲ್ಲಿ ತೇವ ಆರುವುದಿಲ್ಲ. ಚರ್ಮಕ್ಕೆ ಗಂಧಕದ ಸೋಪನ್ನೋ ಮುಲಾಮನ್ನೋ ಹಚ್ಚುತ್ತಿದ್ದರೆ ಎರಡೇ ದಿನಕ್ಕೆ ಕಪ್ಪಾಗುತ್ತದೆ. ದಿನವೂ ಸ್ನಾನದ ನಂತರ ದಾರವನ್ನೂ ಸೊಂಟವನ್ನೂ ಒರೆಸಿ ಒಣಗಿಸಿ. ಕೆಳಗೆ ಚರ್ಮ ಕೆಂಪಾಗಿದ್ದರೆ ದಾರ ತೆಗೆದಿಟ್ಟು ಮಕ್ಕಳ ವೈದ್ಯರಿಗೆ ತೋರಿಸಿ. ದೃಷ್ಟಿ ತೆಗೆಯುವ ಶಾಸ್ತ್ರ ಬೇಕಾದರೆ ಅದನ್ನು ಬೇರೆ ಮಾಡಿಕೊಳ್ಳಲಿ.

ಕೊನೆಗೆ ಬೀದರಿ ತಟ್ಟೆ, ನಿಮ್ಮ ಪತ್ರದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಇಲ್ಲಿ ಬೆಳ್ಳಿ ಬೆಳ್ಳಗಿರಬೇಕು, ಸುತ್ತಲಿನ ಲೋಹ ಕಪ್ಪಗಿರಬೇಕು. ಆ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಚಾಣದಿಂದ ಗೀರಿ, ಬೆಳ್ಳಿಯ ತಂತಿ ಮತ್ತು ತಗಡನ್ನು ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣ ಹಚ್ಚಿದರೆ ಸತುವಿನ ಮೈ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಒಂದೇ ದ್ರಾವಣದಲ್ಲಿ ಒಂದು ಲೋಹ ಬಣ್ಣ ಬದಲಿಸಿ ಇನ್ನೊಂದು ನಿಂತಲ್ಲೇ ನಿಲ್ಲುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ನಿಮ್ಮ ತಟ್ಟೆಯಲ್ಲಿ ಆಗಿರುವುದೇನೆಂದರೆ, ಕುಶಲಕರ್ಮಿ ಬೆಳ್ಳಗೆ ಉಳಿಸಿದ್ದನ್ನು ನಿಮ್ಮ ಅಡುಗೆಮನೆಯ ಗಾಳಿ ಕಪ್ಪು ಮಾಡಿದೆ. ಹೂವು ಎಲ್ಲೂ ಹೋಗಿಲ್ಲ, ಹಿನ್ನೆಲೆಯ ಬಣ್ಣ ಹೊದ್ದುಕೊಂಡಿದೆ.

ಇದಕ್ಕೆ ಅಲ್ಯೂಮಿನಿಯಂ ಹಾಳೆ, ಸೋಡಾ, ನಿಂಬೆ, ಹುಣಸೆ, ಬಾಟಲಿಯ ದ್ರವ, ಯಾವುದನ್ನೂ ತೋರಿಸಬೇಡಿ. ಸತು ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಸೋಲುತ್ತದೆ. ಕೋಟೆಯ ಮಣ್ಣು ಕೊಟ್ಟ ಕಪ್ಪು ಹೋದರೆ ಅದನ್ನು ಮನೆಯಲ್ಲಿ ಮರಳಿ ತರಲಾಗದು. ನೀರಿನಲ್ಲೂ ಮುಳುಗಿಸಬೇಡಿ. ಒಣ ಮೆತ್ತನೆಯ ಹತ್ತಿಬಟ್ಟೆಯನ್ನು ತೋರುಬೆರಳಿಗೆ ಸುತ್ತಿಕೊಂಡು ಒಂದು ಎಸಳಿನ ಮೇಲೆ ಮಾತ್ರ ಉಜ್ಜಿ. ಹಳದಿ ಹಂತದ ಕಪ್ಪಾದರೆ ಅಷ್ಟಕ್ಕೇ ಬಿಳುಪು ಇಣುಕುತ್ತದೆ. ಸಾಲದಿದ್ದರೆ ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಯನ್ನು ತುಸು ತೇವ ಮಾಡಿ, ಮೇಲೆ ಹೇಳಿದ ನುಣುಪು ಪುಡಿಯಲ್ಲಿ ಅದ್ದಿ, ಬೆಳ್ಳಿಯ ಗೆರೆಯಿಂದ ಆಚೆ ಹೋಗದಂತೆ, ಎಸಳು ಎಸಳಾಗಿ ಬಿಡಿಸಿ. ಒಂದು ಸಂಜೆಗೆ ಒಂದು ಹೂವು ಸಾಕು. ಪುಡಿ ಒರೆಸಿ ತೆಗೆದ ಮೇಲೆ ಬಟ್ಟೆಗೆ ಒಂದೇ ಹನಿ ಎಣ್ಣೆ ಹಾಕಿ ಕಪ್ಪು ಮೈಯನ್ನು ಸವರಿ, ಇನ್ನೊಂದು ಒಣ ಬಟ್ಟೆಯಿಂದ ಜಿಡ್ಡು ಉಳಿಯದಂತೆ ಒರೆಸಿ. ಅದನ್ನು ಗಾಜಿನ ಕಪಾಟಿಗೆ ಹಿಂತಿರುಗಿಸಬೇಡಿ, ಮಲಗುವ ಕೋಣೆಯ ಗೋಡೆಯಾದರೂ ಆದೀತು, ಒಲೆಯಿಂದ ದೂರ. ಚೊಂಬಿಗೆ ಮಾತ್ರ ಇವತ್ತೇ ಆ ರಬ್ಬರ್ ಬ್ಯಾಂಡ್ ಬಿಚ್ಚಿ.